ಮೂಲೆಯ ಅಂಕಿಗೆ ಸಿಗದವರು

ಸೊಂಕೋಲ್ ಸರೋವರ, ಬಡಗಣ ದಡ
ಜೂನ್ 12

ಪ್ರೀತಿಯ ಬೆರ್ಮೆತ್,

ನಾವು ಮೇಲೆ ಬಂದು ಸೇರಿದೆವು. ಕುರಿ, ಕುದುರೆ, ನಿನ್ನ ಕುಬಾತ್ ಚಿಕ್ಕಪ್ಪ ಎಲ್ಲರೂ ಕ್ಷೇಮ. ಘಟ್ಟದ ದಾರಿಯಲ್ಲಿ ಇನ್ನೂ ಹಿಮವಿತ್ತು. ಕಂಬಳಿ ಡೇರೆಯನ್ನು ಗಾಳಿ ಎರಡು ಸಲ ಕಿತ್ತೊಗೆಯಿತು. ಮೂರನೆಯ ಸಲ ಕುಬಾತ್ ಬೈದ ಬೈಗುಳಕ್ಕೆ ಹೆದರಿತೋ ಏನೋ, ನಿಂತಿತು.

ಈ ದಡದಲ್ಲಿ ಫೋನಿಗೆ ಸಿಗ್ನಲ್ ಇಲ್ಲವೆಂದು ನಿನಗೆ ಗೊತ್ತು. ಕುದುರೆಯ ಮೇಲೆ ಅರ್ಧ ದಿನ ಹೋಗಿ ಘಟ್ಟದ ನೆತ್ತಿ ಹತ್ತಿದರೆ ಮಾತ್ರ ಸಿಗುತ್ತದೆ. ಹಾಗಾಗಿ ಸೆಪ್ಟೆಂಬರಿನವರೆಗೆ ಕಾಗದವೇ ಗತಿ. ಮೆಲಿಸ್ ಪ್ರತಿ ವಾರ ವ್ಯಾನಿನಲ್ಲಿ ಹಿಟ್ಟು, ಚಹಾಪುಡಿ ತಂದುಕೊಟ್ಟು, ನಾವು ಕುದುರೆ ಹಾಲು ಹುಳಿ ಬರಿಸಿ ಮಾಡಿದ ಕುಮಿಸ್ ತುಂಬಿಕೊಂಡು ಹೋಗುತ್ತಾನೆ. ಕಾಗದ ಅವನ ಕೈಗೆ ಕೊಡು. ಅವನ ಫೋನಿಗೆ ಮಾತ್ರ ಏನೂ ಕಳಿಸಬೇಡ. ಮೊದಲು ತಾನು ಓದಿ, ದಾರಿಯ ಪ್ರತಿ ಡೇರೆಯಲ್ಲೂ ಒಂದು ಬಟ್ಟಲು ಕುಮಿಸ್‌ಗೆ ಅದನ್ನು ಮಾರಿಕೊಂಡು ಬರುತ್ತಾನೆ. ಲಕೋಟೆಗೆ ಗಟ್ಟಿಯಾಗಿ ಅಂಟು ಹಚ್ಚು. ನಮ್ಮ ಮಾತು ನಮ್ಮಿಬ್ಬರಲ್ಲೇ ಇರಲಿ.

ಈಗ ವಿಷಯ. ನಮ್ಮನ್ನು ಕಳಿಸಿಕೊಡಲು ಬಂದಿದ್ದ ನಿನ್ನ ಅಮ್ಮ ಲಾರಿ ಹೊರಡುವವರೆಗೂ ಒಂದೇ ಮಾತು ಹೇಳಿದಳು. "ಜೂರಾ, ಇವಳು ದಿನಾ ಸಂಜೆ ಕೋಣೆ ಬಾಗಿಲು ಹಾಕ್ಕೊಂಡು ಗೋಡೆ ಜೊತೆ ಮಾತಾಡ್ತಾಳೆ ಕಣೆ. ಗೋಡೆನೂ ಪಾಪ ಕೇಳಿಸ್ಕೊಳ್ತಾ ಇರುತ್ತೆ. ನೀನಾದ್ರೂ ವಿಚಾರಿಸು, ಏನು ಅಂತ." ನಾನು ನಕ್ಕೆ. ಬುರುಲ್ ಅಕ್ಕ ನಗಲಿಲ್ಲ.

ಕಂಪ್ಯೂಟರಿನಲ್ಲಿ ಆಟ ಆಡುವುದು ನನಗೆ ಗೊತ್ತು, ನಾನು ಪಾಠ ಹೇಳುವ ಶಾಲೆಯ ಮಕ್ಕಳೆಲ್ಲ ಆಡುತ್ತಾರೆ. ಆದರೆ ಒಬ್ಬರು ಆಡುವುದನ್ನು ಉಳಿದವರು ಎಲ್ಲೆಲ್ಲಿಂದಲೋ ನೋಡುತ್ತಾರೆ, ಆಡುವವರು ಅವರ ಜೊತೆ ಹರಟುತ್ತಾರೆ ಎನ್ನುವುದು ತಲೆಗೆ ಹತ್ತಲಿಲ್ಲ. ಕುಬಾತ್ ಹೇಳಿದ, "ಕುದುರೆ ಮೇಲೆ ಮೇಕೆ ಎಳೆದಾಡೋದನ್ನ ನೋಡೋಕೆ ಊರೇ ಸೇರಲ್ವಾ? ಅದೇ ಇದು." ಆದರೆ ಅಲ್ಲಿ ಸವಾರ ನೋಡುವವರ ಯೋಗಕ್ಷೇಮ ವಿಚಾರಿಸುವುದಿಲ್ಲವಲ್ಲ.

ತಾಯೆಜೆ ಎಂದರೆ ಅಮ್ಮನ ತಂಗಿ ಹೌದು, ಅಮ್ಮನ ಗೂಢಚಾರಳಲ್ಲ. ಮದುವೆಯಾದ ಹೊಸದರಲ್ಲಿ ನಾನೂ ಕೆಲವು ವರ್ಷ ನಾರಿನ್‌ನಲ್ಲಿ ರೇಡಿಯೊದ ಮೈಕಿನ ಮುಂದೆ ಕೂತು, ಕಾಣದ ಜನಕ್ಕೆ ಮಾತಾಡಿದವಳು. ಅದಕ್ಕೇ ಕುತೂಹಲ. ನಿನ್ನನ್ನು ಯಾರು ಕೇಳುತ್ತಾರೆ?

ನಿನ್ನ ತಾಯೆಜೆ,
ಜೂರಾ


ಬಿಷ್ಕೆಕ್, ಅಕ್-ಒರ್ಗೊ
ಜೂನ್ 21

ಪ್ರೀತಿಯ ತಾಯೆಜೆ,

ಜನ, ಜಾನುವಾರು ಎಲ್ಲ ಕ್ಷೇಮವೇ? (ಅಮ್ಮ ಹಿಂದೆ ನಿಂತು, ಮೊದಲು ಜಾನುವಾರು ವಿಚಾರಿಸು ಎಂದಳು. ಈಗ ಹೋದಳು.)

ಯಾರು ಕೇಳುತ್ತಾರೆ ಎಂದಿರಿ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಇರುತ್ತದೆ. ಈ ಗಳಿಗೆಯಲ್ಲಿ ಎಷ್ಟು ಜನ ಬಂದಿದ್ದಾರೆಂದು ತೋರಿಸುತ್ತದೆ. ಕಳೆದ ಚಳಿಗಾಲವೆಲ್ಲ ಅದು ಮೂರರಲ್ಲೇ ನಿಂತಿತ್ತು. ಅದರಲ್ಲಿ ಒಂದು ನನ್ನದೇ ಫೋನು, ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಲು ಇಟ್ಟುಕೊಂಡದ್ದು. ಇನ್ನೊಂದು ಗೆಳತಿ ಮೀರಿಮ್. ಅವಳು ತೆರೆದಿಟ್ಟು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಮೂರನೆಯವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಒಂದಕ್ಷರ ಬರೆಯಲಿಲ್ಲ, ಬಿಟ್ಟೂ ಹೋಗಲಿಲ್ಲ. ಆ ಒಬ್ಬರಿಗಾಗಿ ಇಡೀ ಚಳಿಗಾಲ ಮಾತಾಡಿದೆ.

ಇಲ್ಲಿ ಇರುವುದು ಒಂದೇ ನಿಯಮ, ಸುಮ್ಮನಾಗಬಾರದು. ಯಾರೋ ಬಾಗಿಲು ಸರಿಸಿ ಇಣುಕಿದಾಗ ನಾನು ಮೌನವಾಗಿದ್ದರೆ ಅವರು ಹೊರಟುಹೋಗುತ್ತಾರೆ. ಹಾಗಾಗಿ ಯಾರೂ ಇಲ್ಲದಾಗಲೂ ಇದ್ದಾರೆಂಬಂತೆ ಮಾತಾಡಬೇಕು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಬೇಕು, ಬರದ ಉತ್ತರಕ್ಕೆ ನಗಬೇಕು. ಕೈ ಆಟದಲ್ಲಿ, ಒಂದು ಕಣ್ಣು ಅಂಕಿಯ ಮೇಲೆ, ಇನ್ನೊಂದು ಜನ ಬರೆಯುವ ಚಾಟ್ ಮೇಲೆ. ನಡುವೆ ಕರೆಂಟ್ ಹೋದರೆ ಎಲ್ಲ ಮೊದಲಿಂದ.

ನಾನು ಆಡುವ ಆಟದಲ್ಲಿ ಒಬ್ಬ ಸವಾರಳು ಬೂದು ಕುದುರೆಯ ಮೇಲೆ ಹಿಮದ ಬಯಲು ದಾಟಿ, ದೂರದ ದೀಪದ ಗೋಪುರ ಮುಟ್ಟಬೇಕು. ಒಂದೇ ಜೀವ. ಸತ್ತರೆ ಮತ್ತೆ ಆರಂಭದಿಂದ. ನಾನು ಇನ್ನೂ ಮುಟ್ಟಿಲ್ಲ. ರಷ್ಯನ್ ಭಾಷೆಯಲ್ಲಿ ಮಾತಾಡಿದರೆ ಅಂಕಿ ಬೇಗ ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಿರ್ಗಿಜ್ ಬಿಟ್ಟಿಲ್ಲ. ಅಮ್ಮ ಇದನ್ನು ಹಟ ಎನ್ನುತ್ತಾಳೆ. ರಷ್ಯನ್‌ನಲ್ಲಿ ನನಗೆ ತಮಾಷೆ ಮಾಡಲು ಬರುವುದಿಲ್ಲ, ಇಷ್ಟೇ ಕಾರಣ.

ಅಮ್ಮ ನಿಮಗೆ ಹೇಳದ ಒಂದು ಮಾತಿದೆ. ಚಿನಾರಾ ಅತ್ತೆಯ ಹೊಲಿಗೆ ಕಾರ್ಖಾನೆಯಲ್ಲಿ ನನ್ನ ಹೆಸರಿಗೆ ಒಂದು ಮೆಷಿನ್ ಹಿಡಿದಿಟ್ಟಿದ್ದಾಳೆ. "ಒಂದು ಔತಣ ಅಂದ್ರೆ ಇನ್ನೂರು ಜನ," ಎಂದಳು. "ನಿನ್ನ ಹತ್ರ ಒಂದೇ ಒಂದು ದಿನ ಔತಣದ ಡೇರೆ ತುಂಬುವಷ್ಟು ಜನ ಬರ್ಲಿ, ಆಮೇಲೆ ನಾನು ತುಟಿ ಬಿಚ್ಚಲ್ಲ. ಜೂರಾ ಕುರಿ ಇಳಿಸ್ಕೊಂಡು ಬರೋ ಹೊತ್ತಿಗೆ ಬರ್ಲಿಲ್ಲ ಅಂದ್ರೆ, ಹೋಗಿ ಹೊಲಿಗೆಗೆ ಕೂತ್ಕೊ." ಚಿನಾರಾ ಅತ್ತೆಯ ಬಳಿ ಬೆಳಗಿನಿಂದ ಸಂಜೆವರೆಗೆ ಕೂತ ಹುಡುಗಿಯರು ಮನೆಗೆ ಬಂದು ಉಣ್ಣುವುದಕ್ಕೂ ಮೊದಲೇ ಮಲಗುತ್ತಾರೆ. ಆಮೇಲೆ ಈ ಮೈಕು, ಈ ಆಟ ಎಲ್ಲ ಮುಗಿದ ಹಾಗೆ. ನಿನ್ನೆಯ ಅಂಕಿ ಹನ್ನೊಂದು.

ಹಣದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮೆಚ್ಚಿದವರು ಒಮ್ಮೊಮ್ಮೆ ಏನಾದರೂ ಕಳಿಸುತ್ತಾರೆ. ನಮ್ಮ ಕೊರುಮ್ದುಕ್ ಇದ್ದ ಹಾಗೆ ಅಂದುಕೊಳ್ಳಿ.

ನಿಮ್ಮ ಬೆರ್ಮೆತ್


ಸೊಂಕೋಲ್
ಜೂನ್ 29

ಬೆರ್ಮೆತ್,

ಕೊರುಮ್ದುಕ್ ಎಂದು ಓದಿದ್ದೇ ಕಾಗದ ಕೆಳಗಿಟ್ಟೆ. ಮೊದಲ ಸಲ ಮುಖ ನೋಡಿದ್ದಕ್ಕೆ ಕೊಡುವ ಕಾಣಿಕೆ ಅದು. ಮದುಮಗಳ ಮುಸುಕು ಸರಿಸಿದಾಗ ಕೊಡುತ್ತಾರೆ, ತೊಟ್ಟಿಲ ಕೂಸನ್ನು ಕಂಡಾಗ ಕೊಡುತ್ತಾರೆ. ನಿನ್ನ ಮುಸುಕು ಸರಿಸುತ್ತಿರುವವರು ಯಾರು? ಗಂಡಸರೇ? ಅಕ್ಕನಿಗೆ ಗೊತ್ತೇ? ಕುಬಾತ್‌ಗೆ ಇನ್ನೂ ಹೇಳಿಲ್ಲ. ಹೇಳಿದರೆ ಕುದುರೆಗೆ ಜೀನು ಹಾಕುತ್ತಾನೆ.

ಇಷ್ಟು ಬರೆದು ಎರಡು ದಿನ ಬಿಟ್ಟೆ. ಹಾಲು ಕಡೆಯುವಾಗೆಲ್ಲ ತಲೆಯಲ್ಲಿ ಉಳಿದದ್ದು ಮಾತ್ರ ನಿನ್ನ ಆ ಮೂರನೆಯವರು.

ರೇಡಿಯೊದಲ್ಲಿ ನನ್ನ ಕೆಲಸ ಏನಿತ್ತು ಎಂದು ನಿನಗೆ ಹೇಳಿದ್ದೆನೋ ಇಲ್ಲವೋ. ಹುಲ್ಲುಗಾವಲುಗಳಿಂದ ಕುರುಬರು ಬರೆದ ಪತ್ರಗಳನ್ನು ಓದುವುದು. ಇಂಥವರಿಗೆ ಗಂಡು ಮಗು, ಇಂಥವರ ಕುದುರೆ ಕಳೆದಿದೆ, ಇಂಥವಳು ತಾಯಿಗೆ ನಮಸ್ಕಾರ ತಿಳಿಸಿದ್ದಾಳೆ. ಎದುರಿಗೆ ಕೆಂಪು ದೀಪ ಹೊತ್ತಿದರೆ ಮಾತು, ಆರಿದರೆ ಮೌನ. ಅಂಚೆ ಚೀಲ ಬಂದ ದಿನವಷ್ಟೇ ಅಲ್ಲಿ ಯಾರೋ ಇದ್ದಾರೆಂದು ತಿಳಿಯುತ್ತಿತ್ತು. ಉಳಿದ ದಿನವೆಲ್ಲ ನಂಬಿಕೆ. ನಿನಗಾದರೆ ಅಂಕಿ ಕಣ್ಣೆದುರೇ ಇದೆ. ಅದು ವರವೋ ಶಿಕ್ಷೆಯೋ ನನಗೆ ತೀರ್ಮಾನಿಸಲು ಆಗುತ್ತಿಲ್ಲ. ನನ್ನ ಕೆಂಪು ದೀಪದ ಜಾಗದಲ್ಲಿ ಮೂರು ಎಂದು ಬರೆದಿದ್ದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ನೀನು ಒಂದು ಚಳಿಗಾಲ ಕೂತೆ. ಇಪ್ಪತ್ತೆರಡರ ಹುಡುಗಿಗೆ ಇಷ್ಟು ನೆಚ್ಚಿಕೆ ಎಲ್ಲಿಂದ ಬಂತು?

ನಿನ್ನ ಆಟದ ಬಗ್ಗೆ ಒಂದು ಮಾತು. ಹಿಮಗಾಳಿಯಲ್ಲಿ ದಾರಿ ತಪ್ಪಿದರೆ ಲಗಾಮು ಸಡಿಲ ಬಿಡು. ನಿನಗೆ ತಿಳಿಯದ್ದು ಕುದುರೆಗೆ ತಿಳಿದಿರುತ್ತದೆ.

ತಾಯೆಜೆ


ಬಿಷ್ಕೆಕ್
ಜುಲೈ 8

ಪ್ರೀತಿಯ ತಾಯೆಜೆ,

ನೀವು ಹೇಳಿದಂತೆ ಲಗಾಮು ಬಿಟ್ಟೆ. ಕುದುರೆ ಮೂರು ಸುತ್ತು ಹಾಕಿ ನೆಟ್ಟಗೆ ಕಮರಿಗೆ ಹಾರಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಈ ಉಪಾಯ ಹೇಳಿಕೊಟ್ಟ ಪುಣ್ಯಾತ್ಮರು ಯಾರು?" ಎಂದು ಕೇಳಿದರು. ಹೇಳಿದೆ. ಅಷ್ಟೆ.

ಮುಸುಕಿನ ಚಿಂತೆ ಬೇಡ. ಪರದೆಯಲ್ಲಿ ನನ್ನ ಮುಖ ಒಂದು ಬಟನಿನಷ್ಟು. ಹೊಲಸು ಬರೆಯುವವರು ಇಲ್ಲವೆಂದಲ್ಲ, ದಿನಕ್ಕೆ ಒಬ್ಬರಾದರೂ ಬಂದೇ ಬರುತ್ತಾರೆ. ಅವರನ್ನು ಹೊರಗಟ್ಟಲು ಎಸೆನ್ ಎಂಬುವವನಿದ್ದಾನೆ. ನಾನು ಅವನನ್ನು ನೋಡಿಲ್ಲ. ರಷ್ಯದ ಯೆಕಟೆರಿನ್‌ಬರ್ಗ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾನೆ. ಯಾರೂ ಹೇಳದೆ ತಾನಾಗಿ ಬಾಗಿಲು ಕಾಯಲು ನಿಂತ. "ಅಣ್ಣ, ನಿಂಗೇನು ಲಾಭ?" ಅಂದರೆ, "ನಮ್ಮನೆ ಬಾಗಿಲಿಗೆ ನಾಯಿ ಬಂದ್ರೆ ಓಡಿಸಲ್ವಾ?" ಅಂದ.

ಇನ್ನೊಂದು ವಿಷಯ ಮೊನ್ನೆ ತಿಳಿಯಿತು. ಬಂದವರಲ್ಲಿ ಬಹಳ ಜನ ಆಟವನ್ನು ನೋಡುವುದೇ ಇಲ್ಲ. ಫೋನು ಜೇಬಿನಲ್ಲಿ, ನಾನು ಕಿವಿಯಲ್ಲಿ. ಮಾಸ್ಕೋದಲ್ಲಿ ಆಸ್ಪತ್ರೆಯ ನೆಲ ಒರೆಸುವ ಒಬ್ಬ ಅಕ್ಕ, ಕೊರಿಯಾದಲ್ಲಿ ಪ್ಲಾಸ್ಟಿಕ್ ಅಚ್ಚು ಹಾಕುವವನು. ಇಡೀ ದಿನ ಬೇರೆ ಭಾಷೆ ಕೇಳಿ ಕಿವಿ ದಣಿದಿರುತ್ತದಂತೆ. ನಾನು ಸತ್ತೆನೋ ಬದುಕಿದೆನೋ ಅವರಿಗೆ ಮುಖ್ಯವಲ್ಲ. ನಾನು "ಅಯ್ಯೋ, ಸತ್ತೆ" ಅನ್ನುವುದು ಅವರ ಮಾತಿನಲ್ಲಿ ಇದೆಯಲ್ಲ, ಅದು ಬೇಕು. ಇದು ಗೊತ್ತಾದ ದಿನ ನನಗೆ ಸ್ವಲ್ಪ ಹೊತ್ತು ಆಡಲು ಆಗಲಿಲ್ಲ.

ನಿಮ್ಮ ಕಾಗದ ಉದ್ದವಾಗಿರಲಿ. ನಿಮ್ಮ ಆ ಕಳ್ಳನಾಯಿ ಈ ವರ್ಷ ಏನೇನು ಕದ್ದಿತು? ಕುಂಟುವ ಹೆಣ್ಣುಕುದುರೆ ಹೇಗಿದೆ? ಚಿಕ್ಕಪ್ಪನ ಗೊರಕೆ? ಸಣ್ಣಪುಟ್ಟದ್ದೆಲ್ಲ ಬರೆಯಿರಿ.

ಬೆರ್ಮೆತ್


ಸೊಂಕೋಲ್
ಜುಲೈ 17

ಬೆರ್ಮೆತ್,

ನಿನ್ನ ಆಟದ ಕುದುರೆಗೆ ಬುದ್ಧಿ ಇಲ್ಲ. ಅದನ್ನು ಮಾಡಿದವರು ಕುದುರೆಯನ್ನು ದೂರದಿಂದ ನೋಡಿದ್ದಾರೆ, ಅಷ್ಟೆ.

ನಮ್ಮ ಕುಂಟುಕುದುರೆಗೆ ಈ ವರ್ಷ ಕುಂಟರಾಣಿ ಎಂದು ಹೆಸರಿಟ್ಟಿದ್ದೇನೆ. ಹಾಲು ಕರೆಯುವ ಹೊತ್ತಿಗೆ ಎಲ್ಲ ಕುದುರೆಗಳೂ ಬಂದು ನಿಂತಿರುತ್ತವೆ, ಇವಳು ಸರೋವರವನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರುತ್ತಾಳೆ. ದಿನವೂ ನಾನು, "ಏನೇ ಕುಂಟರಾಣಿ, ಮೆರವಣಿಗೆ ಮುಗೀತಾ?" ಅನ್ನಬೇಕು, ಅನ್ನದಿದ್ದರೆ ಹಾಲು ಇಳಿಸುವುದಿಲ್ಲ. ನಾಯಿ ಒಣಹಾಕಿದ ಉಪ್ಪುಮೊಸರಿನ ಕುರುತ್ ಉಂಡೆಗಳನ್ನು ಕದ್ದು, ಉಪ್ಪು ಹೆಚ್ಚಾಗಿ, ಸರೋವರದ ನೀರೆಲ್ಲ ಕುಡಿಯುವ ಹಾಗೆ ಕುಡಿಯಿತು. ಕುಬಾತ್‌ನ ಗೊರಕೆಗೆ ತೋಳ ಈ ಕಡೆ ಬರುವುದಿಲ್ಲ ಎಂದು ಪಕ್ಕದ ಡೇರೆಯವರು ಕುರಿಗಳನ್ನು ನಮ್ಮ ಪಕ್ಕಕ್ಕೆ ತಂದು ಕಟ್ಟುತ್ತಾರೆ.

ಉದ್ದ ಬರೆ ಎಂದೆ. ಇನ್ನೊಂದು ವಿಷಯ ಬರೆಯುತ್ತೇನೆ. ಜೇಬಿನಲ್ಲಿ ನಿನ್ನನ್ನು ಇಟ್ಟುಕೊಂಡು ನೆಲ ಒರೆಸುವ ಆ ಹೆಂಗಸಿನ ಮಾತು ಓದಿದ ಮೇಲೆ ಇದು ಒಳಗೇ ನಿಲ್ಲುತ್ತಿಲ್ಲ.

ನಮ್ಮ ಕಾರ್ಯಕ್ರಮ ನಿಂತ ದಿನ ನಾನು ಕೊನೆಯ ಪತ್ರ ಓದಿದೆ, ನಮಸ್ಕಾರ ಹೇಳಿದೆ. ದೀಪ ಆರಿತು. ತಂತ್ರಜ್ಞ ಕೋಟು ತೊಟ್ಟು ಹೋದ. ನಾನು ಏಳಲಿಲ್ಲ. ಆ ವಸಂತದಲ್ಲಿ ನನ್ನ ಎರಡನೆಯ ಬಸಿರೂ ನಿಂತಿರಲಿಲ್ಲ. ಆಸ್ಪತ್ರೆಯಿಂದ ಬಂದು ಮೂರು ವಾರವಾಗಿತ್ತು. ಆರಿದ ಮೈಕಿನ ಮುಂದೆ ಕೂತು ಆ ಮಗುವಿಗೆ ಮಾತಾಡಿದೆ. ಹೆಸರಿಟ್ಟು ಕರೆದೆ. ಹುಲ್ಲುಗಾವಲು ಹೇಗಿದೆ, ನಿಮ್ಮಪ್ಪ ಹೇಗೆ ಹಾಡುತ್ತಾನೆ, ಎಲ್ಲ ಹೇಳಿದೆ. ಕಾವಲುಗಾರ ಬಂದು ಬಾಗಿಲು ತಟ್ಟುವವರೆಗೂ. ಕುಬಾತ್‌ಗೂ ಇದನ್ನು ಹೇಳಿಲ್ಲ.

ಅದಕ್ಕೇ, ಗೋಡೆ ಜೊತೆ ಮಾತಾಡುತ್ತಾಳೆ ಎಂದು ನಿನ್ನ ಅಮ್ಮ ಅಂದಾಗ ನಾನು ನಕ್ಕದ್ದು ನಗುವಲ್ಲ.

ತಾಯೆಜೆ


ಬಿಷ್ಕೆಕ್
ಜುಲೈ 28

ಪ್ರೀತಿಯ ತಾಯೆಜೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದುತ್ತ ಮೆಲಿಸ್‌ನ ಒಂದು ಸರದಿ ಬಿಟ್ಟೆ. ಅದು ಮಾಸ್ಕೋದ ಅಕ್ಕನನ್ನು ಅಳಿಸಿತು. ನನ್ನನ್ನು ಅಂತ ಬರೆಯಹೊರಟಿದ್ದೆ. ನನ್ನನ್ನು ಅಳಿಸಿತು.

ಇಲ್ಲಿ ಅಂಕಿ ಏರುತ್ತಿದೆ. ಹೋದ ವಾರ ಅರವತ್ತು, ಮೊನ್ನೆ ತೊಂಬತ್ತು. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ, ಬಾಯಿಂದ ಬಾಯಿಗೆ ಹರಡಿರಬೇಕು. ನನ್ನ ಗಂಟಲು ಕಟ್ಟಿದೆ. ದಿನಕ್ಕೆ ಐದಾರು ಗಂಟೆ ಮಾತಾಡಿದರೆ ಕೊನೆಗೆ ಮೇಕೆಯ ದನಿ ಬರುತ್ತದೆ. ನೀವು ರೇಡಿಯೊದಲ್ಲಿ ಏನು ಮಾಡುತ್ತಿದ್ದಿರಿ?

ಅಮ್ಮ ಮೊನ್ನೆ ಬಾಗಿಲು ಸರಿಸಿ ಇಣುಕಿದಳು. "ಎಷ್ಟು?" ಅಂದಳು. "ತೊಂಬತ್ತು." "ಅರ್ಧ ಡೇರೆನೂ ತುಂಬಲಿಲ್ಲ," ಎಂದು ಬಾಗಿಲು ಹಾಕಿಕೊಂಡು ಹೋದಳು. ಆದರೆ ಬಾಗಿಲನ್ನು ಮೆಲ್ಲಗೆ ಹಾಕಿದಳು.

ಕುಂಟರಾಣಿಯ ಸುದ್ದಿ ಬರೆಯಿರಿ. ಬಹಳ ಕೇಳುತ್ತಿದ್ದಾರೆ. ಕೇಳುತ್ತಿದ್ದೇನೆ.

ಬೆರ್ಮೆತ್


ಸೊಂಕೋಲ್
ಆಗಸ್ಟ್ 8

ಬೆರ್ಮೆತ್,

ನಾವು ಕ್ಷೇಮ. ಮಳೆ ಇದೆ. ಗಂಟಲಿಗೆ ಬಿಸಿ ಹಾಲಿನಲ್ಲಿ ಬೆಣ್ಣೆ ಹಾಕಿ ಕುಡಿ, ಪಿಸುಗುಟ್ಟಬೇಡ, ಅದು ಇನ್ನೂ ಕೆಟ್ಟದ್ದು.

ಕುದುರೆಗಳು ಚೆನ್ನಾಗಿವೆ.

ಜೂರಾ


ಬಿಷ್ಕೆಕ್
ಆಗಸ್ಟ್ 15

ಪ್ರೀತಿಯ ತಾಯೆಜೆ,

ಮೆಲಿಸ್ ಲಕೋಟೆ ಕೊಟ್ಟಾಗ ಎಷ್ಟು ತೆಳ್ಳಗಿತ್ತೆಂದರೆ ಖಾಲಿ ಅಂದುಕೊಂಡೆ. "ಏನಣ್ಣ, ಅವರಿಗೆ ಹುಷಾರಿಲ್ವಾ?" ಅಂದೆ. "ಹುಷಾರಾಗೇ ಇದ್ದಾರೆ. ನಂಗೆ ಚಹಾ ಕೊಡೋದು ಮರೆತ್ರು, ಅಷ್ಟೇ," ಅಂದ. ನೀವು ಯಾರಿಗಾದರೂ ಚಹಾ ಕೊಡಲು ಮರೆತದ್ದುಂಟೇ?

ಅಮ್ಮ ಏನಾದರೂ ಹೇಳಿ ಕಳಿಸಿದಳಾ? ನಾನು ಹೊಲಿಗೆಗೆ ಹೋಗುವುದೇ ಒಳ್ಳೆಯದು ಎಂದು ನಿಮಗೂ ಅನಿಸಿತಾ? ಹಾಗಿದ್ದರೆ ನೇರವಾಗಿ ಬರೆಯಿರಿ. ಅಥವಾ ಆ ಹಳೆಯದನ್ನು ಬರೆದು ನಿಮಗೆ ನೋವಾಯಿತಾ?

ಅಂಕಿ ನೂರಕ್ಕೆ ಬಂದು ಅಲ್ಲೇ ನಿಂತಿದೆ. ಎಸೆನ್ ತಮ್ಮನ ಮದುವೆಗೆಂದು ಊರಿಗೆ ಹೋಗಿದ್ದಾನೆ. ಬಾಗಿಲು ಕಾಯುವವರಿಲ್ಲದೆ ಹೊಲಸು ನುಗ್ಗುತ್ತಿದೆ. ನಿನ್ನೆ ಒಬ್ಬ, ಹೆಂಗಸಿಗೆ ಇದೆಲ್ಲ ಯಾಕೆ, ಹೋಗಿ ಹಿಟ್ಟು ಕಲಸು ಎಂದು ಇಡೀ ಸಂಜೆ ಬರೆದ. ನಗುತ್ತಲೇ ಆಡಿದೆ. ಮುಗಿದ ಮೇಲೆ ನಗು ಮುಖದಿಂದ ಇಳಿಯಲು ಬಹಳ ಹೊತ್ತು ಹಿಡಿಯಿತು.

ಕಾಯುತ್ತೇನೆ.

ಬೆರ್ಮೆತ್


ಸೊಂಕೋಲ್
ಆಗಸ್ಟ್ 24

ಬೆರ್ಮೆತ್,

ಇಲ್ಲಿ ನಿಲ್ಲಿಸು. ಒಂದು ಉಸಿರು ತೆಗೆದುಕೊಂಡು ಮುಂದೆ ಓದು. ನೀನು ಬಹಳ ಬೇಗ ಓದುತ್ತೀಯಂತೆ. ಪತ್ರ ಓದುವಾಗ ಹೆಸರಿನ ನಂತರ ತಡೆಯಬೇಕು, ಕೇಳುವವರಿಗೆ ಆ ಮನುಷ್ಯನನ್ನು ಒಳಗೆ ಕರೆದು ಕೂರಿಸಲು ಹೊತ್ತು ಬೇಕು.

ಹೌದು, ನನಗೆ ಗೊತ್ತು.

ಈ ತಿಂಗಳ ಆರಂಭದಲ್ಲಿ ಒಂದು ಕಾರು ಬಂತು. ಅಪ್ಪ, ಅಮ್ಮ, ಮಗ. ಕುಮಿಸ್ ಕುಡಿಯಲು ಬಂದವರು. ಅಷ್ಟರಲ್ಲಿ ಕುಂಟುಕುದುರೆ ಬಂತು, ನಾನು ಅದರ ಕಡೆ ತಿರುಗಿ, "ಏನೇ ಕುಂಟರಾಣಿ, ಮೆರವಣಿಗೆ ಮುಗೀತಾ?" ಅಂದೆ. ಹಿಂದೆ ಬಟ್ಟಲು ಕೆಳಗಿಟ್ಟ ಸದ್ದು. ಆ ಹುಡುಗ ಎದ್ದು ನಿಂತಿದ್ದ.

"ನೀವು ತಾಯೆಜೆ," ಅಂದ.

"ಯಾರ ತಾಯೆಜೆ?"

"ನಮ್ಮೆಲ್ಲರ," ಅಂದ. ಅವನೇ ನಿನ್ನ ಎಸೆನ್. ನಾಯಿಯನ್ನು ನೋಡಿ, "ಇದೇನಾ ಸರೋವರ ಕುಡಿದಿದ್ದು?" ಅಂದ. ಕುಬಾತ್‌ನನ್ನು ನೋಡಿ ಮೊದಲು ನಕ್ಕು ಆಮೇಲೆ ಸಲಾಮು ಮಾಡಿದ. ಕುಬಾತ್ ಇವತ್ತಿಗೂ ಯಾಕೆಂದು ಕೇಳುತ್ತಿದ್ದಾನೆ.

ಆಮೇಲೆ ಅವನು ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ. "ಆ ದೀಪ ಆರಿದ ದಿನದ ಕಾಗದ ಬೆರ್ಮೆತ್ ಓದಿದ್ಲು. ನಾವು ಗೋದಾಮಿನಲ್ಲಿ ನಾಲ್ಕು ಜನ ಒಂದೇ ಫೋನಿನ ಸುತ್ತ. ಪೆಟ್ಟಿಗೆ ಕಟ್ಟೋದು ನಿಲ್ಲಿಸಿದ್ವಿ. ಮೇಸ್ತ್ರಿ ಬಂದು ಏನು ಅಂದ. ಒಬ್ಬರು ತೀರಿಕೊಂಡಿದ್ದಾರೆ ಅಂತ ಹೇಳಿದ್ವಿ. ಟೋಪಿ ತೆಗೆದು ನಿಂತ, ಪಾಪ, ರಷ್ಯದವನು." ಕುತ್ತಿಗೆಯಲ್ಲಿದ್ದ ಇಯರ್‌ಫೋನ್ ತೆಗೆದು ನನ್ನ ಅಂಗೈಯಲ್ಲಿಟ್ಟ. "ಕೊರುಮ್ದುಕ್, ತಾಯೆಜೆ. ನಿಮ್ಮ ಮುಖ ಮೊದಲ ಸಲ ನೋಡ್ತಿದೀನಿ."

ಕೋಪ ಬಂತೇ ಎಂದು ಕೇಳುತ್ತೀಯ. ಬಂತು. ಅಂಟು ಹಚ್ಚು ಎಂದವಳ ಕಾಗದವನ್ನು ನೀನು ಸಂತೆಯಲ್ಲಿ ಬಿಚ್ಚಿದೆ. ಆ ಸಿಟ್ಟಿನಲ್ಲೇ ನಿನಗೆ ನಾಲ್ಕು ಸಾಲು ಬರೆದದ್ದು. ಆದರೆ ಸಿಟ್ಟಿನ ಅಡಿಯಲ್ಲಿ ಬೇರೇನೋ ಇತ್ತು, ಅದಕ್ಕೆ ನನ್ನ ಬಳಿ ಇನ್ನೂ ಸರಿಯಾದ ಪದವಿಲ್ಲ. ಆರಿದ ಮೈಕಿನ ಮುಂದೆ ನಾನು ಆಡಿದ ಮಾತು ಆ ಕೋಣೆಯ ಗೋಡೆಯಲ್ಲೇ ಹುದುಗಿತು ಎಂದುಕೊಂಡಿದ್ದೆ. ಇಪ್ಪತ್ತು ವರ್ಷದ ಮೇಲೆ ಅದು ಹೋಗಿ ಯಾವುದೋ ಗೋದಾಮಿನಲ್ಲಿ ಕೇಳಿಸಿತು. ನನ್ನ ಮಗುವಿಗಾಗಿ ಒಬ್ಬ ಅಪರಿಚಿತ ಟೋಪಿ ತೆಗೆದ. ಡೇರೆಯ ಹೊರಗೆ ನಿಂತು ಬಹಳ ಹೊತ್ತು ಸರೋವರ ನೋಡಿದೆ, ಬೆರ್ಮೆತ್. ಅದು ನಿನ್ನೆಯ ಸರೋವರವೇ ಆಗಿತ್ತು, ಆದರೂ ಆಗಿರಲಿಲ್ಲ.

ಇನ್ನು ಮುಂದೆ ಮೂಲೆ ಮಡಚಿದ ಹಾಳೆ ನಿನಗೊಬ್ಬಳಿಗೆ. ಮಡಚದ್ದು ಎಲ್ಲರಿಗೆ. ಇದೂ ಎಲ್ಲರಿಗೆ, ಬೇಕಾದರೆ ಓದು. ಆ ಹಿಟ್ಟು ಕಲಸು ಎಂದವನಿಗೂ ಓದು. ಅವನಿಗೆ ಹೇಳು, ಹಿಟ್ಟು ಕಲಸಿಯೇ ಕೂತಿದ್ದಾಳೆ, ನಾದಲು ಅವನು ಬರಲಿ.

ನೀನು ಡೇರೆ ತುಂಬಿಸುವ ದಿನ ಯಾವತ್ತು?

ತಾಯೆಜೆ


ಬಿಷ್ಕೆಕ್
ಸೆಪ್ಟೆಂಬರ್ 1

ತಾಯೆಜೆ,

ಕ್ಷಮಿಸಿ ಎಂದು ಬರೆದು ಹರಿದು ಹಾಕಿದ ಹಾಳೆಗಳು ಮೇಜಿನ ಕೆಳಗಿವೆ. ಮೊದಲು ಬರಿಯ ಕುದುರೆಯ ತಮಾಷೆಯನ್ನು ಓದಿದೆ, ಅವರು ಇನ್ನೂ ಬೇಕೆಂದರು. ಆ ಕಾಗದ ಓದಬಾರದೆಂದು ಗೊತ್ತಿತ್ತು. ಓದಿದೆ. ಅಂಕಿ ಏರಲಿ ಎಂದೇ? ಸ್ವಲ್ಪ ಹೌದು. ಅದನ್ನು ನಾನೊಬ್ಬಳೇ ಹೊರಲು ಆಗಲಿಲ್ಲ ಎನ್ನುವುದೂ ಹೌದು. ಯಾವುದು ಎಷ್ಟು ಎಂದು ಹೇಳಲು ನನಗೆ ಬರುತ್ತಿಲ್ಲ.

ಸೆಪ್ಟೆಂಬರ್ ಹತ್ತು, ಮಧ್ಯಾಹ್ನ ನಾಲ್ಕಕ್ಕೆ. ಅವತ್ತೇ ನೀವು ಇಳಿಯುವ ದಿನ ಎಂದು ಅಮ್ಮ ಹೇಳಿದಳು. ಚಿನಾರಾ ಅತ್ತೆ ಅದರ ಮುಂದಿನ ಸೋಮವಾರದಿಂದ ಬಾ ಎಂದಿದ್ದಾರೆ. ಅವತ್ತು ನಿಮ್ಮ ಮಡಚದ ಹಾಳೆಗಳನ್ನು ನಿಧಾನವಾಗಿ ಓದುತ್ತೇನೆ.

ಬೆರ್ಮೆತ್


ಬಿಷ್ಕೆಕ್
ಸೆಪ್ಟೆಂಬರ್ 11

ತಾಯೆಜೆ,

ನೀವು ನಾರಿನ್ ಸೇರಿರುತ್ತೀರಿ, ಫೋನು ಮಾಡಬಹುದಿತ್ತು. ಬಾಯಲ್ಲಿ ಹೇಳಲು ಆಗುತ್ತಿಲ್ಲ.

ನಿನ್ನೆ ನಾಲ್ಕಕ್ಕೆ ಶುರುಮಾಡಿದೆ. ಅಮ್ಮ ತನ್ನ ಅಂಗಡಿ ಬೇಗ ಮುಚ್ಚಿ ಬಂದು, ನನ್ನ ಹಿಂದೆ ಹಾಸಿಗೆಯ ಮೇಲೆ ಪರ್ಸು ಮಡಿಲಲ್ಲಿಟ್ಟುಕೊಂಡು, ಯಾರದೋ ಮನೆಗೆ ಬಂದವಳ ಹಾಗೆ ಕೂತಳು. ಕಾಲು ಗಂಟೆಯೊಳಗೆ ನನ್ನ ಸವಾರಳು ಮಂಜುಗಡ್ಡೆ ಒಡೆದು ಮುಳುಗಿ ಸತ್ತಳು. ಗೋಪುರ ಹಾಳಾಗಿ ಹೋಗಲಿ, ಅದರ ಬೆಳಕೂ ಕಾಣಲಿಲ್ಲ. ಮತ್ತೆ ಶುರುಮಾಡಲು ಕೈ ಏಳಲಿಲ್ಲ. ಆಟ ಹಾಗೇ ನಿಲ್ಲಿಸಿ, ಕಪ್ಪು ಪರದೆಯ ಮುಂದೆ ನಿಮ್ಮ ಪತ್ರ ಓದಿದೆ. ಹೆಸರಿನ ನಂತರ ತಡೆದೆ. ಯಾರೂ ಹೋಗಲಿಲ್ಲ. ಬರುತ್ತಲೇ ಇದ್ದರು. ನೂರ ಇಪ್ಪತ್ತು, ನೂರ ಐವತ್ತು. ಎಸೆನ್ ಗೋದಾಮಿಗೆ ಮರಳಿದ್ದ, ಬಾಗಿಲಲ್ಲಿದ್ದ.

ನೀವು ಸರೋವರ ನೋಡುತ್ತ ನಿಂತ ಸಾಲು ಮುಗಿದಾಗ ಹಿಂದೆ ಅಮ್ಮ ಎದ್ದಳು. ಆ ಮಗುವಿನ ವಿಷಯ ಅವಳಿಗೂ ಗೊತ್ತಿರಲಿಲ್ಲವಂತೆ, ಹೌದಾ? ಹೊರಗೆ ಹೋದಳು. ಮುಗಿಯಿತು ಅಂದುಕೊಂಡೆ. ಅಡುಗೆಮನೆಯಿಂದ ಬಟ್ಟಲುಗಳ ಸದ್ದು. ವಾಪಸು ಬಂದು ನನ್ನ ಕೀಬೋರ್ಡ್ ಪಕ್ಕಕ್ಕೆ ತಳ್ಳಿ, ಮೇಜಿನ ಮೇಲೆ ಬಟ್ಟೆ ಹಾಸಿ, ಚಹಾ, ಜಾಮು, ಆಗಷ್ಟೇ ತಂದ ರೊಟ್ಟಿ ಇಟ್ಟಳು.

"ಏನೇ ಇದು, ಇಷ್ಟು ಜನ ಮನೆಗೆ ಬಂದಿದ್ದಾರೆ, ಒಂದು ಬಟ್ಟಲು ಚಹಾ ಕೊಡದೆ ಬರೀ ಮಾತಾಡ್ತಾ ಕೂತಿದೀಯಾ?"

"ಅಮ್ಮ, ಅವರಿಗೆ ಕುಡಿಯೋಕೆ ಆಗಲ್ಲ."

"ಅದು ಅವರಿಷ್ಟ. ಇಡೋದು ನಮ್ಮ ಧರ್ಮ." ರೊಟ್ಟಿ ಎತ್ತಿ ಕ್ಯಾಮೆರಾದ ಹತ್ತಿರ ಹಿಡಿದಳು. ಪರದೆಯ ತುಂಬ ರೊಟ್ಟಿ. "ಬಂದವರು ರೊಟ್ಟಿ ಬಾಯಿಗೆ ಮುಟ್ಟಿಸದೆ ಹೋಗಬಾರದು ಕಣ್ರಪ್ಪಾ. ಇದ್ದಲ್ಲೇ ಒಂದು ತುಂಡು ಮುರೀರಿ."

ಯಾರೋ ಗೇಲಿ ಮಾಡುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚಾಟ್ ಓಡುತ್ತಿತ್ತು. ಮುರಿದೆ, ಅಮ್ಮ. ಮುರಿದೆ, ಮಾಸ್ಕೋ. ಬಿಸ್ಕತ್ತು ಇದೆ, ನಡೆಯುತ್ತಾ? ನಡೆಯುತ್ತೆ, ಅಂದಳು ಅಮ್ಮ. ಮುರಿದೆ, ಕೊರಿಯಾದ ಇನ್‌ಚಾನ್. ಕೈ ಗ್ಲೌಸಿನಲ್ಲಿದೆ, ಪಕ್ಕದವನು ತಿನ್ನಿಸಿದ. ಮುರಿದೆ. ಮುರಿದೆ. ಆ ಪದ ಮೇಲಕ್ಕೆ ಹರಿಯುತ್ತಲೇ ಇತ್ತು, ತಾಯೆಜೆ, ಓದಿ ಮುಗಿಸಲು ನನ್ನ ಕಣ್ಣಿಗೆ ವೇಗ ಸಾಲಲಿಲ್ಲ. ಎಲ್ಲರೂ ನಮ್ಮ ಆ ಸಣ್ಣ ಕೋಣೆಯಲ್ಲಿದ್ದರು.

ಎಲ್ಲ ಮುಗಿದ ಮೇಲೆ ಅಮ್ಮ ಕನ್ನಡಕ ಹಾಕಿ ಮೂಲೆ ನೋಡಿದಳು. ನೂರ ಎಪ್ಪತ್ತೆರಡು.

"ಜನ ಒಳ್ಳೆಯವರು," ಅಂದಳು. ಬಟ್ಟೆ ಮಡಚಿದಳು. "ಆದ್ರೆ ಡೇರೆ ತುಂಬಲಿಲ್ಲ, ಬೆರ್ಮೆತ್. ಮಾತು ಅಂದ್ರೆ ಮಾತು."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಸೋಮವಾರದಿಂದ ಬರುತ್ತೇನೆಂದು ಚಿನಾರಾ ಅತ್ತೆಗೆ ಹೇಳಿಬಿಟ್ಟೆ.

ಬೆರ್ಮೆತ್


ನಾರಿನ್
ಸೆಪ್ಟೆಂಬರ್ 13

ಅಕ್ಕ ಬುರುಲ್, ಇದು ನಿನಗೆ. ಬೆರ್ಮೆತ್ ಗಟ್ಟಿಯಾಗಿ ಓದಲಿ, ನೀನು ಕೂತು ಕೇಳು.

ಇಳಿಯುವ ದಿನ ಘಟ್ಟದ ನೆತ್ತಿಯಲ್ಲಿ ಏನಾಗುತ್ತದೆಂದು ನೀನು ಮರೆತಿದ್ದೀಯ. ಮೂರು ತಿಂಗಳ ಮೇಲೆ ಅಲ್ಲೇ ಮೊದಲು ಸಿಗ್ನಲ್ ಸಿಗುವುದು. ಆ ದಡದ ಒಕ್ಕಲೆಲ್ಲ ಅಲ್ಲಿ ಲಾರಿ ನಿಲ್ಲಿಸಿ, ಕೈಯೆತ್ತಿ ಫೋನು ಹಿಡಿದು, ಮಕ್ಕಳ ದನಿ ಹುಡುಕುತ್ತದೆ. ನಾವು ಮೆಲಿಸ್‌ನ ವ್ಯಾನಿನಲ್ಲಿ ನಾಲ್ಕಕ್ಕೆ ಸರಿಯಾಗಿ ನೆತ್ತಿ ತಲುಪಿದೆವು. "ಬೇಗ ಹಚ್ಚೋ," ಅಂದೆ. ಅವನು ಫೋನು ವ್ಯಾನಿನ ಸ್ಪೀಕರಿಗೆ ಸಿಕ್ಕಿಸಿದ. ನಿನ್ನ ಮಗಳ ದನಿ ಬೆಟ್ಟಕ್ಕೆಲ್ಲ ಕೇಳಿಸಿತು.

ಮೊದಲು ಹಿಂದಿನ ಲಾರಿಯವರು ಹಾರ್ನ್ ಹೊಡೆದರು, ದಾರಿ ಬಿಡಿ ಎಂದು. ಆಮೇಲೆ ಇಳಿದು ಬಂದರು. ಅವರ ಹಿಂದಿನವರೂ ಬಂದರು. ಕುದುರೆಯ ಮೇಲಿದ್ದವರು ಕುದುರೆಯ ಮೇಲೇ ನಿಂತರು. ಕುರಿಗಳು ಚಕ್ರಗಳ ಸುತ್ತ ಮಲಗಿದವು. ನನ್ನ ಪತ್ರ ನನಗೇ ಕೇಳಿಸಿತು, ಅಕ್ಕ. ಹೆಸರಿನ ನಂತರ ಅವಳು ತಡೆದಳು. ಆ ತಡೆಯಲ್ಲಿ ಅಷ್ಟು ಜನರೂ ಉಸಿರು ಹಿಡಿದದ್ದು ನನಗೆ ಗೊತ್ತಾಯಿತು. ಇಷ್ಟು ವರ್ಷ ರೇಡಿಯೊದ ಆ ಕಡೆ ಏನಿರುತ್ತದೆಂದು ನಾನು ಕಂಡಿರಲಿಲ್ಲ. ಇದಿರುತ್ತದೆ. ಮಗುವಿನ ಮಾತು ಬಂದಾಗ ಕುಬಾತ್ ನನ್ನ ಪಕ್ಕಕ್ಕೆ ಬಂದು ನಿಂತ. ಕೋಟಿನ ಅರ್ಧ ನನಗೆ ಹೊದಿಸಿದ.

ನೀನು ರೊಟ್ಟಿ ಮುರಿಯಿರಿ ಎಂದಾಗ ಹೆಂಗಸರು ಗಂಟು ಬಿಚ್ಚಿದರು. ಘಟ್ಟದ ನೆತ್ತಿಯಲ್ಲಿ ಪ್ರತಿಯೊಬ್ಬರೂ ಮುರಿದರು. ಯಾರೂ ಬರೆಯಲಿಲ್ಲ. ಕೈಯಲ್ಲಿ ರೊಟ್ಟಿ ಇತ್ತು.

ನಿನ್ನ ನೂರ ಎಪ್ಪತ್ತೆರಡರಲ್ಲಿ ಆ ಇಡೀ ಘಟ್ಟ ಒಂದು ಅಂಕಿ. ಎಸೆನ್‌ನ ಗೋದಾಮು ಒಂದು ಅಂಕಿ. ಒಂದು ಫೋನಿಗೆ ಒಬ್ಬರೇ ಎಂದು ನಿನಗೆ ಯಾರು ಹೇಳಿದರು? ಡೇರೆಯಲ್ಲಿ ಜನರನ್ನು ಎಣಿಸುವಾಗ ನೀನು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತೀಯೋ, ಒಳಗೆ ಕೂತವರನ್ನೋ?

ಬರೀ ಮಾತು ನಂಬುವವಳಲ್ಲ ನೀನು. ಅದಕ್ಕೇ ಮೆಲಿಸ್‌ನ ಕೈಯಲ್ಲಿ ಚೀಲ ಕಳಿಸಿದ್ದೇನೆ. ಘಟ್ಟದಲ್ಲಿ ಕೇಳಿದವರು, ಆ ಹುಡುಗಿಯನ್ನು ಮೊದಲ ಸಲ ಕಂಡ ಲೆಕ್ಕ ಎಂದು ಕೊಟ್ಟ ಕೊರುಮ್ದುಕ್. ಒಬ್ಬೊಬ್ಬರದು ಒಂದೊಂದು. ಕುರುತ್ ಉಂಡೆ, ಉಣ್ಣೆಯ ಕಾಲುಚೀಲ, ಹೊಲಿಗೆ ಹಾಕಿದ ಕಂಬಳಿಯ ತುಂಡು, ಒಂದು ಮಗು ಕೊಟ್ಟ ಕುರಿಯ ಮೂಳೆಯ ಗಜ್ಜುಗ. ಮೇಜಿನ ಮೇಲೆ ಸುರಿದು ಎಣಿಸು, ನಿನ್ನ ನೂರ ಎಪ್ಪತ್ತೆರಡಕ್ಕೆ ಕೂಡಿಸು. ಆಮೇಲೆ ಚಿನಾರಾಗೆ ಫೋನು ಮಾಡು.

ಇನ್ನೂರಕ್ಕೆ ಕಡಿಮೆ ಬಂದರೆ ಮೆಲಿಸ್‌ನನ್ನು ಹಿಡಿದು ಕೇಳು. ದಾರಿಯುದ್ದಕ್ಕೂ ಕುರುತ್ ತಿಂದಿರುತ್ತಾನೆ. ಅವನನ್ನೂ ಸೇರಿಸಿಕೊ, ಅವನೂ ಅಲ್ಲಿದ್ದ.

ಜೂರಾ